ಓದುಗರ ಪ್ರಶ್ನೆ: ಟಾರ್ಡಿಸ್ ಹತ್ತಿದ ಕಮೀಲಿಯನ್ ಎಲ್ಲಿ ಹೋಯಿತು?

ಪ್ರಶ್ನೆ: ಕಾಲದಲ್ಲಿ ಸಂಚರಿಸುವ ಡಾಕ್ಟರ್ ಎಂಬಾತನ ಸಾಹಸಗಳನ್ನು ಹೇಳುವ ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ಹಳೆಯ ಕಥೆಗಳನ್ನು ಕ್ರಮವಾಗಿ ನೋಡುತ್ತಾ ಬಂದಿದ್ದೇನೆ. ಐದನೆಯ ಡಾಕ್ಟರನ ಕಾಲದಲ್ಲಿ, ಅಂದರೆ ಪೀಟರ್ ಡೇವಿಸನ್ ಆ ಪಾತ್ರ ಮಾಡುತ್ತಿದ್ದಾಗ, ಕಮೀಲಿಯನ್ ಎಂಬ ಬೆಳ್ಳಿ ಬಣ್ಣದ ಆಂಡ್ರಾಯ್ಡ್ (ಮನುಷ್ಯಾಕಾರದ ಯಂತ್ರ) ಆತನ ಕಾಲನೌಕೆಯಾದ ಟಾರ್ಡಿಸ್ ಹತ್ತುತ್ತದೆ. ಮುಂದಿನ ಕಥೆಯಿಂದಲೇ ಅದರ ಸುಳಿವಿಲ್ಲ. ಎಷ್ಟೋ ಕಥೆಗಳಾದ ಮೇಲೆ ಇದ್ದಕ್ಕಿದ್ದಂತೆ ಮತ್ತೆ ಬಂದು, ಅದೇ ಕಥೆಯಲ್ಲಿ ನಾಶವೂ ಆಗುತ್ತದೆ. ನಡುವಿನ ಕಂತುಗಳೇನಾದರೂ ನನ್ನ ಕಣ್ತಪ್ಪಿ ಹೋದವೇ? ಇಂಥ ಪಾತ್ರವನ್ನು ಡಾಕ್ಟರನ ಸಹಚರರ ಸಾಲಿನಲ್ಲಿ ಎಣಿಸುವುದು ಸರಿಯೇ?

ಉತ್ತರ: ತಮ್ಮ ಕಣ್ತಪ್ಪಿದ್ದು ಯಾವುದೂ ಇಲ್ಲ. ಕಮೀಲಿಯನ್ 1983ರ ಮಾರ್ಚ್ ತಿಂಗಳಲ್ಲಿ ಪ್ರಸಾರವಾದ ‘ದ ಕಿಂಗ್ಸ್ ಡೀಮನ್ಸ್’ ಎಂಬ ಎರಡು ಕಂತುಗಳ ಕಥೆಯಲ್ಲಿ ಮೊದಲು ಕಾಣಿಸಿಕೊಂಡು, ಸುಮಾರು ಒಂದು ವರ್ಷದ ನಂತರ, 1984ರಲ್ಲಿ ಬಂದ ‘ಪ್ಲಾನೆಟ್ ಆಫ್ ಫೈರ್’ ಕಥೆಯಲ್ಲಿ ಕೊನೆಗೊಂಡಿತು. ಇವೆರಡರ ನಡುವೆ ಐದು ಕಥೆಗಳು ಪ್ರಸಾರವಾದವು, ಒಂದರಲ್ಲೂ ಅದರ ಮುಖ ಕಾಣುವುದಿಲ್ಲ. ಅವುಗಳ ಪೈಕಿ ‘ದಿ ಅವೇಕನಿಂಗ್’ ಕಥೆಗಾಗಿ ಟಾರ್ಡಿಸ್‌ನೊಳಗೆ ಕಮೀಲಿಯನ್ ಬರುವ ಒಂದು ಪುಟ್ಟ ದೃಶ್ಯವನ್ನು ಚಿತ್ರೀಕರಿಸಿದ್ದುಂಟು. ಸಂಕಲನದ ಮೇಜಿನ ಮೇಲೆ ಅದಕ್ಕೂ ಕತ್ತರಿ ಬಿತ್ತು.

ಕಾರಣವನ್ನು ಕಥೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಸ್ಟುಡಿಯೋದಲ್ಲಿ ಹುಡುಕಬೇಕು. ಕಮೀಲಿಯನ್ ವೇಷ ತೊಟ್ಟ ನಟನಾಗಿರಲಿಲ್ಲ; ಅದು ನಿಜವಾಗಿಯೂ ಕಂಪ್ಯೂಟರಿನಿಂದ ನಡೆಸುವ ಯಂತ್ರವೇ ಆಗಿತ್ತು. ಅದರ ಪ್ರದರ್ಶನವನ್ನು ನೋಡಿದ ನಿರ್ಮಾಪಕ ಜಾನ್ ನೇಥನ್-ಟರ್ನರ್ ಅವರಿಗೆ ಇದನ್ನು ಪಾತ್ರವಾಗಿಸುವ ಆಸೆ ಹುಟ್ಟಿತು. (ಕೆ9 ಎಂಬ ಯಂತ್ರ ನಾಯಿಯನ್ನು ಸರಣಿಯಿಂದ ಬೀಳ್ಕೊಟ್ಟವರೂ ಇವರೇ ಎಂಬುದನ್ನು ನೆನೆದರೆ ನಗು ಬರುತ್ತದೆ.) ಆದರೆ ದೊಡ್ಡ ಆಘಾತವೊಂದು ಎದುರಾಯಿತು: ಯಂತ್ರದ ಸಾಫ್ಟ್‌ವೇರ್ ರೂಪಿಸಿದ ವ್ಯಕ್ತಿ ದೋಣಿ ಅಪಘಾತವೊಂದರಲ್ಲಿ ತೀರಿಕೊಂಡರು, ಮತ್ತು ಅದನ್ನು ಪೂರ್ತಿಯಾಗಿ ನಡೆಸುವ ಬಗೆಯನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಉಳಿದದ್ದು ನಡೆಯಲಾರದ, ಕುಳಿತಲ್ಲೋ ನಿಂತಲ್ಲೋ ತಲೆ, ಕೈ ಮತ್ತು ತುಟಿಗಳನ್ನಷ್ಟೇ ಆಡಿಸಬಲ್ಲ ಒಂದು ಆಕೃತಿ. ಅದಕ್ಕೆ ದನಿ ಕೊಟ್ಟವರು ಜೆರಾಲ್ಡ್ ಫ್ಲಡ್.

ಈಗ ಕಥೆಯ ಕಡೆ ಬನ್ನಿ. ಕಮೀಲಿಯನ್ ಎಂದರೆ ಗೋಸುಂಬೆ. ಹೆಸರಿಗೆ ತಕ್ಕಂತೆ ಇದು ಬೇಕಾದ ರೂಪ ತಾಳುವ ಕಾಮರೂಪಿ. 1215ರ ಇಂಗ್ಲೆಂಡಿನಲ್ಲಿ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಸನ್ನದಿಗೆ ಮುದ್ರೆ ಬೀಳುವುದಕ್ಕೆ ಕೆಲವೇ ತಿಂಗಳ ಮೊದಲು, ಒಂದು ಕೋಟೆಯಲ್ಲಿ ಕಿಂಗ್ ಜಾನ್ ಅತಿಥಿಯಾಗಿ ಕುಳಿತಿರುತ್ತಾನೆ. ಲ್ಯೂಟ್ ವಾದ್ಯ ಹಿಡಿದು ಹಾಡುತ್ತಾನೆ, ಗದರುತ್ತಾನೆ. ಆತ ರಾಜನೇ ಅಲ್ಲ, ರಾಜನ ಹೆಸರು ಕೆಡಿಸಿ ಚರಿತ್ರೆಯ ದಿಕ್ಕನ್ನೇ ತಪ್ಪಿಸಲು ಮಾಸ್ಟರ್ ಎಂಬ ಖಳನಾಯಕ ಕೂರಿಸಿದ ಕಮೀಲಿಯನ್ ಎಂಬುದು ಆಮೇಲೆ ತಿಳಿಯುತ್ತದೆ. ರಾಜನ ಪಾತ್ರವನ್ನೂ ಫ್ಲಡ್ ಅವರೇ ಮಾಡಿದ್ದಾರೆ. ಯಾರ ಮನೋಬಲ ಹೆಚ್ಚೋ ಅವರ ಮಾತಿಗೆ ಈ ಯಂತ್ರ ಬಾಗುತ್ತದೆ. ಆದ್ದರಿಂದಲೇ ಡಾಕ್ಟರ್ ಮತ್ತು ಮಾಸ್ಟರ್ ಎದುರುಬದುರು ನಿಂತು ಬರಿಯ ಮನಸ್ಸಿನಿಂದ ಅದಕ್ಕಾಗಿ ಸೆಣಸುತ್ತಾರೆ. ಇಡೀ ಕಥೆಯಲ್ಲಿ ನನಗೆ ಮೆಚ್ಚುಗೆಯಾದ ಭಾಗವೇ ಅದು. ಕಥೆಯೊಳಗೆ ಕಂಡ ಕಂಡವರೆಲ್ಲ ಸೂತ್ರ ಹಿಡಿದು ಆಡಿಸಬಹುದಾದ ಗೊಂಬೆ, ಸ್ಟುಡಿಯೋದಲ್ಲಿ ಯಾರ ಕೈಗೂ ಸೂತ್ರ ಸಿಗದ ಗೊಂಬೆಯಾಗಿ ಕುಳಿತದ್ದು ವಿಚಿತ್ರವೆನಿಸುತ್ತದೆ.

ಸಹಚರರ ಸಾಲಿನ ವಿಷಯದಲ್ಲಿ ನನ್ನ ಮತ ಹೀಗಿದೆ. ಡಾಕ್ಟರ್ ಅದನ್ನು ಗೆದ್ದುಕೊಂಡು ಬಂದದ್ದು ಆಳನ್ನಾಗಿ ಇಟ್ಟುಕೊಳ್ಳುವುದಕ್ಕಲ್ಲ. ಟಾರ್ಡಿಸ್‌ನಲ್ಲಿ ಅದಕ್ಕೊಂದು ನೆಲೆ ಕೊಟ್ಟ. ತೆರೆಯ ಮೇಲೆ ಎಷ್ಟು ನಿಮಿಷ ಇತ್ತು ಎಂಬುದೇ ಅಳತೆಯಾದರೆ ಅದು ಸೋಲುತ್ತದೆ, ಡಾಕ್ಟರನ ಮನೆಯಲ್ಲಿ ಇತ್ತೇ ಎಂಬುದು ಅಳತೆಯಾದರೆ ಸೇರುತ್ತದೆ. ನಾನು ಸೇರಿಸುತ್ತೇನೆ.

ಪ್ರಶ್ನೆ: ಯಾವ ರೂಪವನ್ನಾದರೂ ತಾಳಬಲ್ಲ ಪಾತ್ರ ಎಂದ ಮೇಲೆ, ಯಂತ್ರ ಕೆಟ್ಟರೇನಂತೆ, ಒಬ್ಬ ನಟನನ್ನು ನಿಲ್ಲಿಸಬಹುದಿತ್ತಲ್ಲವೇ?

ಉತ್ತರ: ನಿಲ್ಲಿಸಬಹುದಿತ್ತು, ಮತ್ತು ಕೊನೆಯ ಕಥೆಯಲ್ಲಿ ಮಾಡಿದ್ದು ಅದನ್ನೇ. ‘ಪ್ಲಾನೆಟ್ ಆಫ್ ಫೈರ್’ನಲ್ಲಿ ಕಮೀಲಿಯನ್ ಹೆಚ್ಚಿನ ಹೊತ್ತು ಪೆರಿ ಎಂಬ ಹುಡುಗಿಯ ಮಲತಂದೆ ಹೊವಾರ್ಡ್‌ನ ರೂಪದಲ್ಲಿಯೋ, ಕಪ್ಪು ಸೂಟು ತೊಟ್ಟ ಮಾಸ್ಟರನ ರೂಪದಲ್ಲಿಯೋ ಇರುತ್ತದೆ. ಹಿಡಿತಕ್ಕಾಗಿ ಎಳೆದಾಟ ನಡೆಯುವ ಗಳಿಗೆಗಳಲ್ಲಿ ಹೊವಾರ್ಡ್ ಪಾತ್ರದ ಡಲ್ಲಾಸ್ ಆಡಮ್ಸ್ ಅವರ ಮುಖ ಮತ್ತು ಕೈಗಳಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ. ಇತ್ತ ಮನುಷ್ಯನೂ ಅಲ್ಲ, ಅತ್ತ ಯಂತ್ರವೂ ಅಲ್ಲ ಎಂಬಂತಹ ಆ ಮುಖ, ನಿಜವಾದ ಯಂತ್ರ ಎಂದೂ ತೋರಿಸದ ಸಂಕಟವನ್ನು ತೋರಿಸುತ್ತದೆ. ಮೂರೇ ವರ್ಷಗಳ ನಂತರ, 1987ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ ಸರಣಿಯಲ್ಲಿ ಬ್ರೆಂಟ್ ಸ್ಪೈನರ್ ಬರಿಯ ಬಣ್ಣ, ಕಣ್ಣಿನ ಲೆನ್ಸ್ ಮತ್ತು ಅಂಗಚಲನೆಗಳ ಬಲದಿಂದ ಡೇಟಾ ಎಂಬ ಆಂಡ್ರಾಯ್ಡ್ ಆಗಿ ಏಳು ಸೀಸನ್‌ಗಳ ಕಾಲ ನಿಂತರು. ಬಿಬಿಸಿಯವರಿಗೆ ಈ ದಾರಿ ಹೊಳೆಯುವ ಹೊತ್ತಿಗೆ ಪಾತ್ರವನ್ನು ಮುಗಿಸುವ ತೀರ್ಮಾನವಾಗಿಬಿಟ್ಟಿತ್ತು ಎಂದೇ ನನಗೆ ಅನ್ನಿಸುವುದು.

ಪ್ರಶ್ನೆ: ಡಾಕ್ಟರ್ ತನ್ನ ಕೈಯಾರೆ ಸಹಚರನನ್ನು ಕೊಂದದ್ದು ನ್ಯಾಯವೇ?

ಉತ್ತರ: ಕೊಂದ ಎನ್ನುವ ಮೊದಲು ಆ ದೃಶ್ಯವನ್ನು ಇನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ. ಮಾಸ್ಟರನ ಹಿಡಿತದಿಂದ ಬಿಡಿಸುವ ಪ್ರಯತ್ನದಲ್ಲಿ ಕಮೀಲಿಯನ್ ದುರಸ್ತಿಯಾಗದಷ್ಟು ಹಾಳಾಗಿದೆ. ಬೆಳ್ಳಿಯ ದೇಹ ನೆಲದ ಮೇಲೆ ಬಿದ್ದಿದೆ. ತನ್ನಿಂದ ತಪ್ಪಾಯಿತೆಂದು ಹೇಳಿ, ತನ್ನನ್ನು ಇಲ್ಲವಾಗಿಸೆಂದು ಅದೇ ಬೇಡಿಕೊಳ್ಳುತ್ತದೆ. ಅಲ್ಲಿಯವರೆಗೆ ಪರರ ಇಚ್ಛೆಯನ್ನಷ್ಟೇ ನಡೆಸಿಕೊಟ್ಟ ಯಂತ್ರ ತನಗೆಂದು ಕೇಳಿದ ಒಂದೇ ಸಂಗತಿ ಇದು. ಹಾಗಾಗಿ ಡಾಕ್ಟರನ ಕೃತ್ಯವನ್ನು ಕ್ರೌರ್ಯವೆನ್ನಲು ನನಗೆ ಮನಸ್ಸು ಬಾರದು. ಆದರೂ ಒಂದು ಆಕ್ಷೇಪವಿದೆ: ಒಂದು ವರ್ಷವಿಡೀ ಟಾರ್ಡಿಸ್‌ನಲ್ಲಿದ್ದ ಜೀವದೊಡನೆ ಯಾರೂ ಎರಡು ಮಾತಾಡಿದ್ದನ್ನು ಪ್ರೇಕ್ಷಕರಿಗೆ ತೋರಿಸದೆ, ಅದರ ಸಾವಿಗೆ ಮಾತ್ರ ಕಣ್ಣೀರು ಬಯಸಿದ್ದು ಬರವಣಿಗೆಯ ಲೋಪ. ಅಲ್ಲಿ ಪೀಟರ್ ಡೇವಿಸನ್ ಅವರ ಅಭಿನಯ ಆ ಲೋಪವನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಗುರಿಯಾದವರನ್ನು ಕುಗ್ಗಿಸಿ ಕೊಲ್ಲುವ ಮಾಸ್ಟರನದೇ ಆಯುಧವನ್ನು ಹಿಡಿದ ಆ ಕೈ ಒಂದು ಕ್ಷಣ ಅನುಮಾನಿಸುತ್ತದೆ. ಆಮೇಲೆ ನೆಲದ ಮೇಲೆ ಉಳಿಯುವುದು ಕುಗ್ಗಿಹೋದ ಒಂದು ಪುಟ್ಟ ಬೊಂಬೆ ಮಾತ್ರ.