ಹಳೇ ಮೋಟಾರ್‌ಹೋಮ್‌ನ ಎಸಿ ಬದಲಿಸುವ ಮೊದಲು ಗೋಡೆ ಮೇಲಿನ ಥರ್ಮೋಸ್ಟಾಟ್ ನೋಡಿ

ನಮಸ್ಕಾರ. ನೀವು ಬರೆದದ್ದರಿಂದ ನನಗೆ ತಿಳಿದದ್ದು ಇಷ್ಟು. ನೀವು ಡಲ್ಲಾಸ್‌ನಲ್ಲಿದ್ದೀರಿ. 2002ರ ಕ್ಲಾಸ್ ಎ ಮೋಟಾರ್‌ಹೋಮ್ (ಬಸ್ಸಿನಂಥ ದೊಡ್ಡ ಮನೆ-ಗಾಡಿ) ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ. ಛಾವಣಿ ಮೇಲೆ 13,500 ಬಿಟಿಯುನ (ತಣ್ಣಗೆ ಮಾಡುವ ಶಕ್ತಿಯ ಅಳತೆ) ಎರಡು ಡುವೋ-ಥರ್ಮ್ ಎಸಿ. ಎರಡಕ್ಕೂ, ಚಳಿಗೆ ಒಳಗೆ ಬಿಸಿ ಮಾಡುವ ಗ್ಯಾಸ್ ಫರ್ನೇಸಿಗೂ ಸೇರಿ ಗೋಡೆ ಮೇಲೆ ಒಂದೇ ಥರ್ಮೋಸ್ಟಾಟ್ (ಬಿಸಿ-ತಂಪು ಹೊಂದಿಸುವ ಸಣ್ಣ ಪೆಟ್ಟಿಗೆ). ಹೊರಗಿನಿಂದ ಬರುವ ಕರೆಂಟು 30 ಆಂಪ್. ಗಾಡಿಯ ಮುಂಭಾಗದ ಎಸಿ ಸರಿಯಾಗಿ ತಣ್ಣಗೆ ಮಾಡುತ್ತಿಲ್ಲ. ಅದರ ಜಾಗಕ್ಕೆ ಬೇರೆ ಕಂಪನಿಯ 15,000 ಬಿಟಿಯು ಎಸಿ, ಫೋನಿಂದ ನಡೆಸುವ ಥರ್ಮೋಸ್ಟಾಟ್, ಫರ್ನೇಸ್ ಬದಲು ಹೀಟ್ ಪಂಪ್ (ಎಸಿಯನ್ನೇ ಉಲ್ಟಾ ನಡೆಸಿ ಬಿಸಿ ಗಾಳಿ ಕೊಡುವುದು), ಇಷ್ಟನ್ನೂ ಹಾಕಿಸಿ ಅಂತ ವರ್ಕ್‌ಶಾಪಿನವರು ಹೇಳುತ್ತಿದ್ದಾರೆ. ಜುಲೈನಲ್ಲಿ ಊರಿಂದ ಬರುವ ಅತ್ತೆ-ಮಾವನ ಜೊತೆ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೀರಿ.

ನಾನಿರುವುದು ಅರಿಜೋನಾದಲ್ಲಿ. ನನ್ನ ಗಾಡಿಗೂ ಹೆಚ್ಚೂಕಡಿಮೆ ಇದೇ ವಯಸ್ಸು. ಅದರ ಎಸಿ, ಫರ್ನೇಸ್ ಎರಡರ ಕೆಲಸವನ್ನೂ ನಾನೇ ಮಾಡಿಕೊಳ್ಳುತ್ತೇನೆ. ನನ್ನನ್ನು ಕೇಳಿದರೆ ಎಲ್ಲಾ ಬದಲಿಸುವುದು ಬೇಡ. ಇಪ್ಪತ್ತು ವರ್ಷ ದಾಟಿದ ಗಾಡಿಗೆ ಅದು ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಯಾವ ಎಸಿ ಕೊಳ್ಳಬೇಕು ಅನ್ನುವುದನ್ನು ಛಾವಣಿ ನೋಡಿ ತೀರ್ಮಾನ ಮಾಡಬೇಡಿ. ಗೋಡೆ ಮೇಲಿನ ಆ ಸಣ್ಣ ಥರ್ಮೋಸ್ಟಾಟ್ ನೋಡಿ ಮಾಡಿ.

ಯಾಕೆ ಅಂದರೆ, ಛಾವಣಿಯ ತೂತು ಎಲ್ಲಾ ಕಂಪನಿಗಳಿಗೂ ಒಂದೇ, 14 ಇಂಚು ಉದ್ದ, 14 ಇಂಚು ಅಗಲ. ಹಾಗಾಗಿ ಯಾವ ಎಸಿ ಬೇಕಾದರೂ ಕೂರುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಕೂರುತ್ತದೆ, ನಿಜ. ಆದರೆ ನಡೆಸುವುದು ಹೇಗೆ? ನಿಮ್ಮ ಗಾಡಿಯಲ್ಲಿ ಥರ್ಮೋಸ್ಟಾಟಿನಿಂದ ಹೊರಡುವುದು ಹಳೇ ಲ್ಯಾಂಡ್‌ಲೈನ್ ಫೋನಿಗೆ ಇರುತ್ತಿದ್ದ ಥರದ ಚಪ್ಪಟೆ ಕೇಬಲ್. ಅದು ಮುಂದಿನ ಎಸಿಯ ಒಳಗಿರುವ ಕಂಟ್ರೋಲ್ ಬೋರ್ಡಿಗೆ ಹೋಗುತ್ತದೆ. ಅಲ್ಲಿಂದ ಅಂಥದ್ದೇ ಇನ್ನೊಂದು ಕೇಬಲ್ ಹಿಂದಿನ ಎಸಿಯ ಬೋರ್ಡಿಗೆ. ಇವು ಒಂದಕ್ಕೊಂದು ಡಿಜಿಟಲ್ ಸಿಗ್ನಲ್‌ನಲ್ಲಿ ಮಾತಾಡುತ್ತವೆ. ಬೇರೆ ಕಂಪನಿಯ ಎಸಿಗೆ ಆ ಭಾಷೆ ಗೊತ್ತಿಲ್ಲ. ಕೋಲ್‌ಮನ್-ಮ್ಯಾಕ್ ಥರದವಕ್ಕೆ ಕಂಪ್ರೆಸರಿಗೆ ಒಂದು ವೈರು, ಜೋರು ಫ್ಯಾನಿಗೆ ಒಂದು, ನಿಧಾನ ಫ್ಯಾನಿಗೆ ಒಂದು, ಹೀಗೆ ಬೇರೆಬೇರೆ ವೈರು ಬೇಕು. ಅಂದರೆ ಸೀಲಿಂಗ್ ಒಳಗೆ ಹೊಸ ವೈರು ಎಳೆಯಬೇಕು.

ಇನ್ನೂ ಒಂದು ವಿಷಯ ಇದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ನಿಮ್ಮ ಫರ್ನೇಸನ್ನು ಆನ್ ಮಾಡುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇರುವುದು ಕೂಡ ಎಸಿಯ ಆ ಬೋರ್ಡಿನಲ್ಲೇ, ಸಾಮಾನ್ಯವಾಗಿ ಮುಂದಿನದರಲ್ಲಿ. ಹಳೇ ಎಸಿ ಜೊತೆ ಬೋರ್ಡನ್ನೂ ಕಿತ್ತು ಬಿಸಾಕಿದರೆ ಫರ್ನೇಸ್ ಸುಮ್ಮನಾಗುತ್ತದೆ. ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಚಳಿ ಬಂದಾಗ ಫರ್ನೇಸ್ ಹಾಳಾಯಿತು ಅಂದುಕೊಂಡು ಅದಕ್ಕೂ ದುಡ್ಡು ಸುರಿಯುತ್ತೀರಿ.

ಸರಿ, ಮೊದಲು ಮುಂದಿನ ಎಸಿ ನಿಜವಾಗಲೂ ಹೋಗಿದೆಯಾ ನೋಡೋಣ. ಅಡುಗೆ ಮನೆಯಲ್ಲಿ ಬಳಸುವ ಕಡ್ಡಿ ಥರ್ಮಾಮೀಟರ್ ಸಾಕು. ಎಸಿ ಅರ್ಧ ಗಂಟೆ ಓಡಲಿ. ಒಳಗಿನ ಗಾಳಿಯನ್ನು ಎಳೆದುಕೊಳ್ಳುವ ಜಾಲರಿ ಹತ್ತಿರ ಒಂದು ಸಲ ಅಳೆಯಿರಿ, ಎಸಿಗೆ ಹತ್ತಿರದ ತಣ್ಣನೆ ಗಾಳಿಯ ಕಿಂಡಿಯಲ್ಲಿ ಇನ್ನೊಂದು ಸಲ. ವ್ಯತ್ಯಾಸ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಹೊರಗೆ 105 ಡಿಗ್ರಿ, ಎದುರಿಗೆ ಅಷ್ಟು ದೊಡ್ಡ ಗಾಜು, ತೆಳ್ಳನೆ ಗೋಡೆ ಇರುವಾಗ ಒಳಗೆ 72 ಬರಲಿಲ್ಲ ಅಂತ ಅದನ್ನು ಬೈದು ಪ್ರಯೋಜನ ಇಲ್ಲ. ಗಾಜಿಗೆ ಹೊರಗಿನಿಂದ ಬಿಸಿಲು ಪರದೆ ಹಾಕಿ, ಫರಕು ತಕ್ಷಣ ಗೊತ್ತಾಗುತ್ತದೆ.

ವ್ಯತ್ಯಾಸ ಕಡಿಮೆ ಬಂತಾ? ಸೀಲಿಂಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಟಾರ್ಚ್ ಹಾಕಿ ನೋಡಿ. ಒಳಗೆ ಎರಡು ದಾರಿ ಇರುತ್ತವೆ, ಒಂದು ಗಾಡಿಯ ಒಳಗಿನ ಗಾಳಿ ಮೇಲಕ್ಕೆ ಹೋಗುವುದು, ಇನ್ನೊಂದು ತಣ್ಣನೆ ಗಾಳಿ ಕೆಳಕ್ಕೆ ಬರುವುದು. ಇವೆರಡರ ನಡುವಿನ ತಡೆಗೆ ಫ್ಯಾಕ್ಟರಿಯಲ್ಲಿ ಅಂಟಿಸಿದ ಟೇಪು ಇಷ್ಟು ವರ್ಷಕ್ಕೆ ಒಣಗಿ ಸುರುಳಿ ಸುತ್ತಿಕೊಂಡು ನೇತಾಡುತ್ತಿರುತ್ತದೆ. ಎಸಿ ಓಡುವಾಗ ಅಂಚಿನ ಹತ್ತಿರ ಕೈ ಹಿಡಿದರೆ ಬಿರುಕಿನಿಂದ ತಣ್ಣನೆ ಗಾಳಿ ಬೆರಳಿಗೆ ತಾಗುತ್ತದೆ. ಆ ಗಾಳಿ ನಿಮಗೆ ಸಿಗದೆ ನೇರ ವಾಪಸ್ ಮೇಲಕ್ಕೆ ಹೋಗುತ್ತಿದೆ, ಅಷ್ಟೇ. ಕೆಲವು ಗಾಡಿಗಳಲ್ಲಿ ಡಕ್ಟಿನ ಬಾಯಿ ಸೀಲ್ ಆಗದೆ ಸೀಲಿಂಗ್ ಟೊಳ್ಳಿನೊಳಗೂ ಹೋಗುತ್ತಿರುತ್ತದೆ. ಕರೆಂಟು ತೆಗೆದು, ಧೂಳು ಒರೆಸಿ, ಎಲ್ಲಾ ಸಂದಿಗೂ ಅಲ್ಯುಮಿನಿಯಂ ಫಾಯಿಲ್ ಟೇಪು ಹಾಕಿ. ಬಟ್ಟೆಯಂಥ ಡಕ್ಟ್ ಟೇಪು ಬೇಡ, ಕಿತ್ತುಬರುತ್ತದೆ. ಫಿಲ್ಟರ್ ತೊಳೆಯಿರಿ, ಮೇಲೆ ಹತ್ತಿ ಕಾಯಿಲ್‌ನ ಕಸ ತೆಗೆಯಿರಿ. ಹತ್ತಿಪ್ಪತ್ತು ಡಾಲರಿನ ಕೆಲಸ. ಹೊಸ ಎಸಿ ಹಾಕಿದರೂ ಇದನ್ನು ಮಾಡಲೇಬೇಕು, ಇಲ್ಲದಿದ್ದರೆ ಅದೂ ಹೀಗೇ ಆಗುತ್ತದೆ.

ಕೆಪಾಸಿಟರ್ (ಕಂಪ್ರೆಸರ್ ಶುರುವಾಗಲು ಬಲ ಕೊಡುವ ಭಾಗ) ಹೋಗಿದ್ದರೂ ಕಂಪ್ರೆಸರ್ ಸುಮ್ಮನೆ ಗುಂಯ್ ಅಂತ ನಿಂತುಬಿಡುತ್ತದೆ. ಅದು ಅಗ್ಗದ ಭಾಗ. ಆದರೆ ಕರೆಂಟು ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡುವುದು ಗೊತ್ತಿಲ್ಲದಿದ್ದರೆ ಕೈ ಹಾಕಬೇಡಿ. ಇಷ್ಟೆಲ್ಲಾ ಸರಿ ಇದ್ದೂ ತಣ್ಣಗಾಗದಿದ್ದರೆ ಎಸಿ ಒಳಗಿನ ತಂಪು ಮಾಡುವ ಗ್ಯಾಸ್ ಸೋರಿರಬಹುದು, ಇಲ್ಲವೇ ಕಂಪ್ರೆಸರೇ ಹೋಗಿರಬಹುದು. ಆ ಕಾಲದ ರೂಫ್ ಎಸಿಗಳಲ್ಲಿ ಇರುವುದು ಆರ್-22 ಅನ್ನುವ ಗ್ಯಾಸ್. ಅಮೆರಿಕದಲ್ಲಿ ಅದರ ತಯಾರಿಕೆ, ಆಮದು ಎರಡೂ 2020ಕ್ಕೆ ನಿಂತಿವೆ. ಅಲ್ಲದೆ ಇವು ಸೀಲ್ ಮಾಡಿದ ಯಂತ್ರಗಳು, ಗ್ಯಾಸ್ ತುಂಬಲು ಬಾಯಿಯೇ ಇರುವುದಿಲ್ಲ. ತುಂಬಿಕೊಡುತ್ತೇನೆ ಅಂದವರಿಗೆ ದುಡ್ಡು ಕೊಡಬೇಡಿ. ಆಗ ಮಾತ್ರ ಹೊಸದು ತನ್ನಿ.

ಹೊಸದು ಯಾವುದು? ಡುವೋ-ಥರ್ಮ್ ಅನ್ನುವುದು ಡೊಮೆಟಿಕ್ ಕಂಪನಿಯದೇ ಬ್ರ್ಯಾಂಡ್ ಹೆಸರು. ಡೊಮೆಟಿಕ್‌ನದೇ ಮೇಲಿನ ಯೂನಿಟ್ ತಂದರೆ ಹಳೇ ಬೋರ್ಡು ಸೀಲಿಂಗಿನಲ್ಲೇ ಉಳಿಯುವಂತೆ ಮಾಡಬಹುದು. ಕೆಲವಕ್ಕೆ ಜೋಡಿಸುವ ಸಣ್ಣ ವೈರಿನ ಕಟ್ಟು (ಹಾರ್ನೆಸ್) ಬೇಕು, ಮಾಡೆಲ್ ನಂಬರ್ ಹಿಡಿದು ಕೇಳಿ. ಥರ್ಮೋಸ್ಟಾಟ್, ಹಿಂದಿನ ಎಸಿ, ಫರ್ನೇಸ್ ಯಾವುದಕ್ಕೂ ತೊಂದರೆ ಇಲ್ಲ. ನನ್ನ ವೋಟು ಇದಕ್ಕೇ. ಬೇರೆ ಕಂಪನಿಯದೇ ಬೇಕು ಅಂದರೆ ರಿಮೋಟಿನಿಂದಲೋ ತನ್ನ ಸ್ವಂತ ನಾಬಿನಿಂದಲೋ ನಡೆಯುವಂಥದ್ದನ್ನು ತಂದು ಮುಂದಿನ ಎಸಿಯನ್ನು ಪ್ರತ್ಯೇಕ ಮಾಡಿಬಿಡಿ. ಹಳೇ ಬೋರ್ಡಿಗೆ 12 ವೋಲ್ಟ್ ಮಾತ್ರ ಉಳಿಸಿ, 120 ವೋಲ್ಟಿನ ವೈರುಗಳನ್ನು ಸರಿಯಾಗಿ ಮುಚ್ಚಿ, ಒಳಗೇ ಬಿಡಬಹುದು. ಇಲ್ಲದಿದ್ದರೆ ಫರ್ನೇಸಿಗೇ ಒಂದು ಸಾದಾ ಹೀಟ್ ಥರ್ಮೋಸ್ಟಾಟ್ ಹಾಕಿ, ಅದಕ್ಕೆ ಬೇಕಿರುವುದು ಎರಡೇ ವೈರು.

ಫೋನಿಂದ ನಡೆಸುವ ಆಸೆ ಇದ್ದರೆ ಮೈಕ್ರೋ-ಏರ್ ಅವರ ಈಸಿಟಚ್ ಇದೆ. ನಿಮ್ಮ ಥರದ ಡೊಮೆಟಿಕ್ ಬೋರ್ಡುಗಳ ಜೊತೆ ಮಾತಾಡಲೆಂದೇ ಮಾಡಿದ ಮಾಡೆಲ್‌ಗಳೂ ಅದರಲ್ಲಿವೆ. ಹಳೇ ಥರ್ಮೋಸ್ಟಾಟಿನಲ್ಲಿ ಎಷ್ಟು ಬಟನ್ ಇದೆ ಅನ್ನುವುದರ ಮೇಲೆ ಮಾಡೆಲ್ ಬದಲಾಗುತ್ತದೆ, ನೋಡಿ ತರಿಸಿ.

15,000 ಬಿಟಿಯು ಬಗ್ಗೆ. ಊರಿನ ಲೆಕ್ಕದಲ್ಲಿ 12,000 ಅಂದರೆ ಒಂದು ಟನ್. ನಿಮ್ಮದು ಈಗ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ, ಹೊಸದು ಒಂದೂಕಾಲು. ಲಾಭ ಅಷ್ಟೇ. ಕರೆಂಟು ನೋಡಿ: 13,500ದ್ದು ಸುಮಾರು 13 ಆಂಪ್ ಎಳೆಯುತ್ತದೆ, 15,000ದ್ದು 15-16. ಎರಡೂ ಎಸಿ ಒಟ್ಟಿಗೆ ಓಡಿದರೆ ಈಗಲೇ 26, ಆಗ 28-29. ಬ್ಯಾಟರಿ ಚಾರ್ಜರು, ಫ್ರಿಜ್ಜು ಎಲ್ಲಿಗೆ ಹೋಗಬೇಕು? ಸಾಫ್ಟ್ ಸ್ಟಾರ್ಟರ್ ಹಾಕಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದರು ಅಂತ ಬರೆದಿದ್ದೀರಿ. ಅದು ಕಂಪ್ರೆಸರ್ ಶುರುವಾಗುವ ಕ್ಷಣದ ಏಟನ್ನು ಕಡಿಮೆ ಮಾಡುತ್ತದೆ. ಸಣ್ಣ ಜನರೇಟರಿಗೆ ಒಳ್ಳೆಯದು. ಓಡುವಾಗಿನ ಆಂಪ್ ಹಾಗೇ ಇರುತ್ತದೆ. 50 ಆಂಪಿಗೆ ಹೋಗುವುದು ಅಂದರೆ ಬರೀ ಪ್ಲಗ್ಗು ಬದಲಿಸುವುದಲ್ಲ. ಕೇಬಲ್, ಹೊರಗಿನ ಕರೆಂಟಿನಿಂದ ಜನರೇಟರಿಗೆ ಬದಲಿಸುವ ಟ್ರಾನ್ಸ್‌ಫರ್ ಸ್ವಿಚ್, ಪ್ಯಾನೆಲ್ ಎಲ್ಲಾ ಬದಲಾಗಬೇಕು. ಹಾಗಾಗಿ 13,500 ಸಾಕು.

ಇನ್ನು ಹೀಟ್ ಪಂಪ್. ಟೆಕ್ಸಸ್‌ನ ನವೆಂಬರ್ ಚಳಿಗೆ ಚೆನ್ನಾಗಿದೆ. ಆದರೆ ಹೊರಗೆ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ರೂಫ್ ಹೀಟ್ ಪಂಪಿನ ಕೈ ಸಾಗುವುದಿಲ್ಲ. ಯೆಲ್ಲೋಸ್ಟೋನ್ ಸರೋವರ ಇರುವುದು 7,700 ಅಡಿ ಎತ್ತರದಲ್ಲಿ. ಅಲ್ಲಿ ಬೇಸಿಗೆಯ ರಾತ್ರಿಯಲ್ಲೂ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು. ಅದೂ ಅಲ್ಲದೆ ಹೀಟ್ ಪಂಪಿಗೆ 120 ವೋಲ್ಟ್ ಬೇಕು. ಆ ಪಾರ್ಕಿನೊಳಗೆ ಕರೆಂಟಿನ ಹುಕ್‌ಅಪ್ ಇರುವ ಕ್ಯಾಂಪ್‌ಗ್ರೌಂಡ್ ಫಿಶಿಂಗ್ ಬ್ರಿಡ್ಜ್ ಒಂದೇ. ಬೇರೆ ಕಡೆ ಸೈಟ್ ಸಿಕ್ಕಿದರೆ ರಾತ್ರಿ ಜನರೇಟರ್ ಓಡಿಸಲು ಬಿಡುವುದಿಲ್ಲ. ಫರ್ನೇಸಾದರೆ ಪ್ರೊಪೇನ್, ಜೊತೆಗೆ 12 ವೋಲ್ಟ್ ಬ್ಯಾಟರಿ, ಇಷ್ಟರಲ್ಲೇ ನಡೆಯುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಅದನ್ನು ಕೀಳಬೇಡಿ.

ಬದಲಿಗೆ ಅದನ್ನು ಪರೀಕ್ಷೆ ಮಾಡಿಸಿ. ಟೆಕ್ಸಸ್ ಕಡೆ ಹೊರಗಿನ ಹೊಗೆ ಕಿಂಡಿಯೊಳಗೆ ಕಣಜದ ಹುಳುಗಳು ಮಣ್ಣಿನ ಗೂಡು ಕಟ್ಟಿರುತ್ತವೆ, ಮೊದಲು ಅದನ್ನು ನೋಡಿ. ಒಳಗಿನ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿ ಒಳಕ್ಕೆ ಬರುತ್ತದೆ. ಆಗ ರಿಪೇರಿ ಮಾತು ಬೇಡ, ಬದಲಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಿಂದೆ ತಾರೀಖು ಇರುತ್ತದೆ. ಅವುಗಳ ಆಯುಷ್ಯ ಮಾಡೆಲ್ ಮೇಲೆ ಐದರಿಂದ ಹತ್ತು ವರ್ಷ. 2002ರದ್ದೇ ಇನ್ನೂ ಗೋಡೆ ಮೇಲಿದ್ದರೆ ಈ ವಾರವೇ ಹೊಸದು ತಂದು ಹಾಕಿ.

ಎಸಿ ಕೂರಿಸುವಾಗ ಒಂದು ಮಾತು. ಕೆಳಗಿನ ದಪ್ಪ ಗ್ಯಾಸ್ಕೆಟ್ ಹೊಸದೇ ಇರಲಿ, ಅದಕ್ಕೆ ಸಿಲಿಕೋನ್ ಬಳಿಯಲು ಬಿಡಬೇಡಿ. ನಾಲ್ಕು ಬೋಲ್ಟನ್ನೂ ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿದು, ಗ್ಯಾಸ್ಕೆಟ್ ಅರ್ಧದಷ್ಟು ಅಮುಕಿದಾಗ ನಿಲ್ಲಿಸಬೇಕು. ಯಂತ್ರ 40 ಕೆಜಿ ಆಚೀಚೆ ಇರುತ್ತದೆ, ಏಣಿ ಮೇಲೆ ಒಬ್ಬರೇ ಹೊರುವ ಸಾಹಸ ಬೇಡ. ಡ್ಯಾಶ್‌ಬೋರ್ಡ್ ಎಸಿ ಇಂಜಿನ್ನಿಗೆ ಸೇರಿದ್ದು, ಬೇರೆಯೇ ವ್ಯವಸ್ಥೆ. ಅದನ್ನು ಯಾವುದೇ ಕಾರ್ ಎಸಿ ಮೆಕ್ಯಾನಿಕ್ ನೋಡುತ್ತಾರೆ.

ಮುಚ್ಚಳ ಬಿಚ್ಚಿದಾಗ ಎಸಿಯ ಮಾಡೆಲ್ ನಂಬರ್ ಸ್ಟಿಕ್ಕರ್, ಬೋರ್ಡಿನ ಮೇಲೆ ಸಾಲಾಗಿರುವ ಸಣ್ಣ ಡಿಪ್ ಸ್ವಿಚ್‌ಗಳು, ಗೋಡೆ ಮೇಲಿನ ಥರ್ಮೋಸ್ಟಾಟ್, ಈ ಮೂರರ ಫೋಟೋ ತೆಗೆದು ಇಲ್ಲಿ ಹಾಕಿ. ಅಳೆದ ಎರಡು ಟೆಂಪರೇಚರ್‌ಗಳನ್ನೂ ಬರೆಯಿರಿ. ನಿಮ್ಮ ಬೋರ್ಡಿಗೆ ಯಾವ ಯೂನಿಟ್ ಕೂಡುತ್ತದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯ ತನಕ ವರ್ಕ್‌ಶಾಪಿಗೆ ಅಡ್ವಾನ್ಸ್ ಕೊಡಬೇಡಿ.