ಬೂಗರೋ ಚಿತ್ರದ ನುಣುಪು

ಪ್ರಶ್ನೆ: ಫ್ರೆಂಚ್ ಕಲಾವಿದ ವಿಲಿಯಂ-ಅಡಾಲ್ಫ್ ಬೂಗರೋ ಚಿತ್ರಗಳಲ್ಲಿ ಕುಂಚದ ಗೆರೆಯೇ ಕಾಣುವುದಿಲ್ಲ. ಎಣ್ಣೆಬಣ್ಣದಲ್ಲಿ ನಕಲು ಮಾಡಲು ಹೋದರೆ ನನ್ನ ಮುಖಗಳು ಮೇಣದ ಗೊಂಬೆಯಂತಾಗುತ್ತವೆ. ಒಂದೆರಡು ಬಿರುಕೂ ಬಿಟ್ಟಿವೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕ್ಯಾನ್ವಾಸ್ ಮುಟ್ಟುವ ಮೊದಲೇ ಬೂಗರೋ ಅರ್ಧ ಕೆಲಸ ಮುಗಿಸಿರುತ್ತಿದ್ದರು. ಮೊದಲು ಸಂಯೋಜನೆಗೆ ಪುಟ್ಟ ರೇಖಾಚಿತ್ರಗಳು, ಬಣ್ಣ ತೂಗಿನೋಡಲು ಚಿಕ್ಕದೊಂದು ಎಣ್ಣೆಚಿತ್ರ. ಆಮೇಲೆ ರೂಪದರ್ಶಿಯನ್ನು ಎದುರಿಗಿಟ್ಟುಕೊಂಡು ತಲೆ, ಕೈ, ಬಟ್ಟೆಯ ಮಡಿಕೆ ಬೇರೆಬೇರೆಯಾಗಿ. ಕೊನೆಗೆ ಪೂರ್ಣ ಅಳತೆಯ ರೇಖಾಚಿತ್ರವನ್ನು ಕ್ಯಾನ್ವಾಸಿಗೆ ಇಳಿಸುವುದು. ಬಣ್ಣ ಹಚ್ಚುವಾಗ ಮೂಗು ಎಲ್ಲಿ ಬರಬೇಕೆಂಬ ಅನುಮಾನವೇ ಇಲ್ಲದಿದ್ದರೆ ತಿದ್ದಿ ತಿದ್ದಿ ಬಣ್ಣ ಕೆಡುವುದಿಲ್ಲ.

ಗೊಂಬೆಯ ಮುಖ ಬರುವುದು ಒಣ ಕುಂಚದಿಂದ ಎಲ್ಲವನ್ನೂ ಸವರಿಬಿಡುವುದರಿಂದ. ಬೆಳಕು ನೆರಳಿಗೆ, ನೆರಳು ಬೆಳಕಿಗೆ ಬೆರೆತು ನಡುವಿನ ಛಾಯೆ ಸಾಯುತ್ತದೆ. ಪ್ಯಾಲೆಟ್ ಮೇಲೆಯೇ ಐದಾರು ಛಾಯೆ ಕಲಸಿ, ಪಕ್ಕಪಕ್ಕ ಇಟ್ಟು, ಅಂಚನ್ನಷ್ಟೇ ಮೆತ್ತಗೆ ಬೆಸೆಯಿರಿ. ನೆರಳಿಗೆ ಬಿಳಿ ಸೇರಿಸಬೇಡಿ, ಸುಣ್ಣ ಬಳಿದಂತಾಗುತ್ತದೆ. ಚರ್ಮದ ಅರೆನೆರಳು ಬರೀ ಕಂದು ಅಲ್ಲ; ಅಲ್ಲಿ ತಣ್ಣನೆಯ ಬೂದು ಇರುತ್ತದೆ, ಬೂಗರೋ ಮುಖಗಳಿಗೆ ಜೀವ ಕೊಡುವುದೂ ಬಹುಮಟ್ಟಿಗೆ ಅದೇ.

ಬಿರುಕಿನ ವಿಷಯ: ಕೆಳಪದರದಲ್ಲಿ ಎಣ್ಣೆ ಹೆಚ್ಚು, ಮೇಲ್ಪದರದಲ್ಲಿ ಕಡಿಮೆಯಾದರೆ ಬೇಗ ಒಣಗಿದ ಮೇಲಿನದು ಸೀಳುತ್ತದೆ. ಮೊದಲ ಪದರವನ್ನು ಟರ್ಪಂಟೈನ್‌ನಲ್ಲಿ ತೆಳುವಾಗಿಸಿ, ಮುಂದಿನವಕ್ಕೆ ಅಗಸೆ ಎಣ್ಣೆ ಸ್ವಲ್ಪ ಸ್ವಲ್ಪ ಏರಿಸಿ. ಅಂಬರ್ ಎಂಬ ಮಣ್ಣಿನ ಕಂದು ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ನಿಧಾನ. ತಳಕ್ಕೆ ಕಪ್ಪನ್ನು ದಪ್ಪವಾಗಿ ಹಾಕಬೇಡಿ. ಬೇಗ ಒಣಗಿಸುವ ದ್ರಾವಣ ಅತಿಯಾದರೂ ಬಿರುಕು ಖಚಿತ. 19ನೇ ಶತಮಾನದ ಅನೇಕ ಚಿತ್ರಗಳನ್ನು ಹಾಳುಗೆಡವಿದ ಬಿಟುಮೆನ್ (ಡಾಂಬರಿನಂಥ ವಸ್ತು) ಕಂದು ಬಣ್ಣವನ್ನಂತೂ ಮುಟ್ಟಲೇಬೇಡಿ, ಅದು ಪೂರ್ತಿ ಒಣಗುವುದೇ ಇಲ್ಲ.

ಪ್ರಶ್ನೆ: ಅಷ್ಟು ಹೆಸರಿದ್ದವರು ಮರೆಯಾದದ್ದೇಕೆ?

ಉತ್ತರ: 1825ರಲ್ಲಿ ಲಾ ರೊಷೆಲ್‌ನಲ್ಲಿ ಹುಟ್ಟಿದ ಅವರಿಗೆ 1850ರಲ್ಲಿ ರೋಮಿಗೆ ಹೋಗಿ ಕಲಿಯಲು ಕೊಡುವ ರೋಮ್ ಪ್ರಶಸ್ತಿ, 1876ರಲ್ಲಿ ಕಲಾ ಅಕಾಡೆಮಿಯ ಸದಸ್ಯತ್ವ ದೊರೆತವು. ಪ್ಯಾರಿಸ್ಸಿನ ಸಲೋನ್ ಪ್ರದರ್ಶನದ ಅಭಿರುಚಿಗೇ ಅವರು ಮುಖವಾದರು. ಬೆಳಕಿನ ಕ್ಷಣವನ್ನು ಬಿಡಿ ಕುಂಚದ ಗೆರೆಗಳಲ್ಲೇ ಹಿಡಿಯುತ್ತಿದ್ದ ಹೊಸ ಕಲಾವಿದರಾದ ಇಂಪ್ರೆಷನಿಸ್ಟರ ಸಿಟ್ಟು ಅವರ ಮೇಲೆ ಬಿದ್ದದ್ದೂ ಅದಕ್ಕೇ. ಅತಿ ನಯವಾದ ಚಿತ್ರವನ್ನು ಹಂಗಿಸಲು ಆ ಗುಂಪಿನ ದೆಗಾ ಮತ್ತು ಗೆಳೆಯರು ಬೂಗರೋ ಹೆಸರಿನಿಂದಲೇ ಒಂದು ಪದ ಹುಟ್ಟಿಸಿದ್ದರು! 1905ರಲ್ಲಿ ಅವರು ತೀರಿಕೊಂಡ ಮೇಲೆ ಆ ಮೂದಲಿಕೆಯೇ ವಿಮರ್ಶೆಯಾಗಿ ಉಳಿಯಿತು. 1984ರಲ್ಲಿ ಪ್ಯಾರಿಸ್ಸಿನ ಪೆಟಿ ಪಲೇ ಸಂಗ್ರಹಾಲಯದಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ನಡೆದಾಗ ಜನ ಮತ್ತೆ ನೋಡತೊಡಗಿದರು. 1879ರ ‘ವೀನಸ್ಸಿನ ಜನನ’ ಈಗ ಪ್ಯಾರಿಸ್ಸಿನ ಆರ್ಸೆ ಸಂಗ್ರಹಾಲಯದಲ್ಲಿದೆ, ಸುಮಾರು 3 ಮೀಟರ್ ಎತ್ತರದ್ದು.