ಶೇ. 15 ಮತ್ತು ಶೇ. 30ರ ಲೆಕ್ಕ

ತಾರಿಹಾಳದಲ್ಲಿ ವಾಲ್ವ್ ತಯಾರಿಸುವ ನಿಮ್ಮ ತಂದೆಯವರ ಪಾಲುದಾರಿಕೆ ಸಂಸ್ಥೆಗೆ ಶೇ. 30 ಆದಾಯ ತೆರಿಗೆ, ಪಕ್ಕದ ಹೊಸ ಕಂಪನಿಗೆ ಶೇ. 15 ಏಕೆ ಎಂದು ಕೇಳಿದ್ದೀರಿ. ನ್ಯಾಯವಲ್ಲ ಎಂದೇ ನನ್ನ ಉತ್ತರ. ಆದರೆ ಅಂತರ ಕಾಣುವಷ್ಟು ದೊಡ್ಡದಲ್ಲ. ತೆರಿಗೆಯ ಮೇಲೆ ಬೀಳುವ ಸರ್ಚಾರ್ಜ್, ಸೆಸ್ ಸೇರಿದರೆ ಅವರದು ಶೇ. 17.16, ನಿಮ್ಮ ತಂದೆಯವರದೂ ಸೆಸ್ ಸೇರಿ ಕನಿಷ್ಠ ಶೇ. 31.2. ಆದರೆ ಆ ಕಂಪನಿ ಲಾಭಾಂಶ ಹಂಚಿದರೆ ಷೇರುದಾರರು ಮತ್ತೆ ತೆರಿಗೆ ಕಟ್ಟಬೇಕು. ನಿಮ್ಮ ತಂದೆಯವರ ಪಾಲಿನ ಲಾಭಕ್ಕೆ ಆ ಎರಡನೇ ಪೆಟ್ಟಿಲ್ಲ. ಪಾಲುದಾರರ ಸಂಬಳವನ್ನೂ ಮಿತಿಯೊಳಗೆ ಖರ್ಚಿಗೆ ಹಾಕಬಹುದು. ಲಾಭವನ್ನು ಹಂಚದೆ ಯಂತ್ರಗಳಿಗೇ ಸುರಿಯುವವರಿಗೆ ಕಂಪನಿ ನಿಜಕ್ಕೂ ಅಗ್ಗ.

ಶೇ. 15ರ ಆ ರಿಯಾಯಿತಿ 2019ರ ಅಕ್ಟೋಬರ್ 1ರಿಂದೀಚೆಗೆ ನೋಂದಾಯಿಸಿಕೊಂಡು, 2024ರ ಮಾರ್ಚ್ 31ರೊಳಗೆ ಉತ್ಪಾದನೆ ಆರಂಭಿಸಿದವರಿಗೆ ಮಾತ್ರ. ಬಾಗಿಲು ಮುಚ್ಚಿದೆ, ಒಳಹೊಕ್ಕವರು ಒಳಗೇ ಇದ್ದಾರೆ. ನನ್ನ ತಕರಾರು ಇದೇ: ಅದೇ ಲೇತ್, ಅದೇ ಎರಕ, ಅದೇ ಹೆಸ್ಕಾಂ ವಿದ್ಯುತ್, ತೆರಿಗೆ ಮಾತ್ರ ಹುಟ್ಟಿದ ದಿನಾಂಕ ನೋಡಿ! ಹಿಂದುಳಿದ ತಾಲ್ಲೂಕಿಗೆ ಬರುವವರಿಗೆ ರಿಯಾಯಿತಿ ಎಂದರೆ ಒಪ್ಪುತ್ತೇನೆ. ಇದು ಬೆಂಗಳೂರಿನ ಅಂಚಿನಲ್ಲಿ ಶೆಡ್ ಹಾಕಿದವನಿಗೂ ಸಿಕ್ಕಿತು.

ನೀವು ಕಂಪನಿಯಾದರೆ ಶೇ. 22ರ ದರವನ್ನು (ಎಲ್ಲ ಸೇರಿ 25.17) ಆಯ್ದುಕೊಳ್ಳಬಹುದು. ವರ್ಷಕ್ಕೆ ಎಷ್ಟು ಲಾಭ ಸಂಸ್ಥೆಯಲ್ಲೇ ಉಳಿಯುತ್ತದೆ ಎಂಬ ಅಂಕಿ ಹಿಡಿದುಕೊಂಡು ಲೆಕ್ಕಪರಿಶೋಧಕರ ಬಳಿ ಹೋಗಿ.